ಮಗ್ಗವಿಲ್ಲದ ಬೆಟ್ಟದಲ್ಲಿ ಸೂಜಿ

ನೀಲಗಿರಿಯಲ್ಲಿ ಹೊಲಿಗೆ ಯಾವಾಗ ಶುರುವಾಯಿತು ಎಂದು ಕೇಳಿದರೆ ಸಿದ್ಧವಾಗಿರುವ ಉತ್ತರವೊಂದಿದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ. ಕೆಲವೇ ವರ್ಷಗಳಲ್ಲಿ ಉದಕಮಂಡಲ ಪೇಟೆಯಾಯಿತು. ದೊರೆಗಳ ಕೋಟು, ದೊರೆಸಾನಿಯರ ಗೌನು ಹೊಲಿಯಲು ಬಯಲಿನಿಂದ ದರ್ಜಿಗಳು ಬಂದರು. ಮಿಷನ್ ಶಾಲೆಗಳು ಹೆಣ್ಣುಮಕ್ಕಳ ಕೈಗೆ ಸೂಜಿ ಕೊಟ್ಟವು. ಕೊನೆಗೆ ಹೊಲಿಗೆ ಮಿಷಿನ್ನು ಬಂತು. ಅದಕ್ಕೂ ಮೊದಲು ಬೆಟ್ಟದವರೆಲ್ಲ ಇಡೀ ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು, ಆದ್ದರಿಂದ ಅವರಿಗೆ ಸೂಜಿಯ ಕೆಲಸ ಬೀಳುತ್ತಿರಲಿಲ್ಲ ಎಂಬ ಊಹೆ ಈ ಉತ್ತರದೊಳಗೆ ಕೂತಿದೆ. ಆ ಊಹೆ ತಪ್ಪು ಎಂಬುದು ನನ್ನ ವಾದ. ಇಂಗ್ಲಿಷರ ಕಾಲದಲ್ಲಿ ಬೆಟ್ಟಕ್ಕೆ ಹೊಸದಾಗಿ ಬಂದದ್ದು ಕತ್ತರಿ. ಮೈಯ ಅಳತೆ ತೆಗೆದು, ಬಟ್ಟೆಯನ್ನು ತುಂಡರಿಸಿ, ತುಂಡುಗಳನ್ನು ಮತ್ತೆ ಕೂಡಿಸುವ ಕೆಲಸ ಆಗ ಬಂತು. ಸೂಜಿ ಮತ್ತು ದಾರ ಅದಕ್ಕಿಂತ ಬಹಳ ಹಿಂದಿನಿಂದ ಮನೆಯೊಳಗೇ ಇದ್ದವು. ಕೊಂಡು ತಂದ ಬಟ್ಟೆಯನ್ನು ಉಳಿಸಿಕೊಳ್ಳಲು, ಅದನ್ನು ತಮ್ಮದಾಗಿಸಿಕೊಳ್ಳಲು ಬಳಕೆಯಾಗುತ್ತಿದ್ದವು. ಕತ್ತರಿ ಮತ್ತು ಸೂಜಿಯನ್ನು ಒಂದೇ ಕಸುಬಿನ ಎರಡು ಸಾಮಾನುಗಳೆಂದು ಭಾವಿಸುವುದರಿಂದಲೇ ಈ ಬೆಟ್ಟದ ಹೊಲಿಗೆಯ ಚರಿತ್ರೆಯಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚಿನ ಭಾಗ ಕಾಣದೆ ಹೋಗಿದೆ.

ಮೊದಲು ಬೆಟ್ಟದ ವ್ಯವಹಾರವನ್ನು ನೋಡಬೇಕು. ಮೇಲ್ನಾಡಿನ ಹಳೆಯ ಕೊಡುಕೊಳ್ಳುವಿಕೆಯನ್ನು ವಿವರಿಸಿದವರೆಲ್ಲ ಹೇಳುವುದು ಒಂದೇ. ತೋಡರು ಎಮ್ಮೆ ಸಾಕಿ ಹಾಲು, ತುಪ್ಪ ಕೊಟ್ಟರು. ಬಡಗರು ಉತ್ತು ಧಾನ್ಯ ಬೆಳೆದರು. ಕೋತರು ಕಬ್ಬಿಣ ಬಡಿದರು, ಮಡಕೆ ಮಾಡಿದರು, ಸಾವಿಗೆ ಹಬ್ಬಕ್ಕೆ ವಾದ್ಯ ನುಡಿಸಿದರು. ಕುರುಂಬರು ಕಾಡಿನ ಜೇನು, ಬಿದಿರು ತಂದರು, ಮಾಟಮಂತ್ರಕ್ಕೆ ಕಾವಲಾದರು. ಈ ಪಟ್ಟಿಯಲ್ಲಿ ನೇಕಾರನಿಲ್ಲ. ಅಷ್ಟು ಚಳಿಯ ನಾಡಿನಲ್ಲಿ, ತಮಗೆ ಬೇಕಾದದ್ದನ್ನು ಬಹುಮಟ್ಟಿಗೆ ತಮ್ಮೊಳಗೇ ಹಂಚಿಕೊಂಡ ಜನರ ನಡುವೆ, ಮಗ್ಗ ಮಾತ್ರ ಇರಲಿಲ್ಲ. ಹತ್ತಿ ಬೆಳೆಯುವ ನೆಲವೂ ಅದಲ್ಲ. ಹೀಗಾಗಿ ಮೈಮೇಲಿನ ಬಟ್ಟೆ ಪೂರ್ತಿಯಾಗಿ ಕೆಳಗಿನಿಂದ, ಬಯಲಿನ ವ್ಯಾಪಾರಿಗಳ ಕೈಯಿಂದ ಬರಬೇಕಿತ್ತು. ಕೊಯಮತ್ತೂರು ಸೀಮೆಯ ನೇಕಾರರಲ್ಲಿ ಕನ್ನಡ ಮಾತಾಡುವ ದೇವಾಂಗರು ಇವತ್ತಿಗೂ ಇದ್ದಾರೆ. ಮೇಟ್ಟುಪಾಳ್ಯದ ಹತ್ತಿರದ ಸಿರುಮುಗೈ ಈಗಲೂ ನೇಕಾರರ ಊರೇ. ಮೈಸೂರು ಸೀಮೆಯಿಂದ ಬಡಗು ದಿಕ್ಕಿನ ಹೆಸರನ್ನೇ ಹೊತ್ತು ಬಂದ ಬಡಗರಿಗೆ ಬಟ್ಟೆಯ ಅಂಗಡಿ ದೂರವಾಯಿತು, ಕಡಿದಾದ ದಾರಿಯ ಆಚೆಗೆ ಹೋಯಿತು. ಎಮ್ಮೆ ಬೆಣ್ಣೆ ಕೊಡುತ್ತದೆ, ಹೊಲ ರಾಗಿ, ಸಾಮೆ ಕೊಡುತ್ತದೆ, ಬಟ್ಟೆಯನ್ನು ಮಾತ್ರ ಬೇರೆಯವರು ಕೊಡಬೇಕು ಎಂಬ ಮನೆಯಲ್ಲಿ ಹರಿದ ಬಟ್ಟೆಯನ್ನು ಎಸೆಯುವ ಯೋಚನೆ ಸುಲಭವಾಗಿ ಬಾರದು. ಇದು ಸಂದರ್ಭದಿಂದ ಮಾಡಿದ ಊಹೆ ಎಂದು ಒಪ್ಪುತ್ತೇನೆ. ಇದಕ್ಕೆ ಸಾಕ್ಷ್ಯ ಬೇರೆಡೆಯಿಂದ ಬರಬೇಕು.

ಅದು ಬರುವುದು 1603ರಿಂದ. ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಯೇಸು ಸಭೆಯ ಇಟಾಲಿಯನ್ ಪಾದ್ರಿ ಯಾಕೊಮೊ ಫೆನಿಸಿಯೊ, ಮೇಲೆ ಹಳೆಯ ಕಾಲದ ಕ್ರೈಸ್ತರು ಉಳಿದಿರಬಹುದೆಂಬ ಸುದ್ದಿಯ ಬೆನ್ನು ಹತ್ತಿ ಹೋದವನು. ಕ್ರೈಸ್ತರು ಸಿಗಲಿಲ್ಲ. ಬಡಗರೂ ತೋಡರೂ ಸಿಕ್ಕರು. ಅವನ ವರದಿಯ ಇಂಗ್ಲಿಷ್ ಅನುವಾದವನ್ನು ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ತೋಡರ ಕುರಿತ ಗ್ರಂಥದ ಕೊನೆಯಲ್ಲಿ ಸೇರಿಸಿದ್ದಾರೆ. ತೋಡರು ಒಂದು ದೊಡ್ಡ ಬಟ್ಟೆಯನ್ನು ಹೊದೆದಿದ್ದರೆಂದು ಹೇಳುವ ಪಾದ್ರಿ, ಅಲ್ಲಿನ ಹೆಂಗಸರಿಗೆ ತಾನು ಕನ್ನಡಿಗಳನ್ನೂ ದಾರದ ಲಡಿಗಳನ್ನೂ ಕೊಟ್ಟೆ, ಅವರಿಗೆ ಬಹಳ ಸಂತೋಷವಾಯಿತು ಎನ್ನುತ್ತಾನೆ. ಸಲ್ಲಿವನ್‌ಗಿಂತ ಇನ್ನೂರ ಹದಿನಾರು ವರ್ಷ ಹಿಂದಿನ ಈ ಒಂದು ಮಾತು ನನಗೆ ಬಹಳ ಬೆಲೆಯದು. ಗುರುತಿಲ್ಲದ ನಾಡಿಗೆ ಹೋಗುವವನು ಉಡುಗೊರೆಗಳನ್ನು ಯೋಚಿಸಿಯೇ ಕಟ್ಟಿಕೊಳ್ಳುತ್ತಾನೆ. ಕನ್ನಡಿ ಎಲ್ಲಿಯಾದರೂ ನಡೆಯುವ ವಸ್ತು. ದಾರದ ಲಡಿ ಹಾಗಲ್ಲ; ಅದರಿಂದ ಏನು ಮಾಡಬಹುದೆಂದು ಗೊತ್ತಿದ್ದವರಿಗೆ ಮಾತ್ರ ಅದು ಉಡುಗೊರೆ. ಕೂದಲು ಕಟ್ಟಲು, ಸರ ಪೋಣಿಸಲು ದಾರ ಬೇಕಾಗಿತ್ತೇ ಹೊರತು ಹೊಲಿಯಲೇ ಬೇಕಿತ್ತೆಂದು ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಆ ಒಂದು ವಾಕ್ಯವನ್ನು ಮಾತ್ರ ಇಟ್ಟುಕೊಂಡರೆ ಈ ಆಕ್ಷೇಪ ನಿಲ್ಲುತ್ತದೆ. ಆದರೆ ತೋಡರ ಹೊದಿಕೆಯನ್ನೇ ಕೈಗೆತ್ತಿಕೊಂಡು ನೋಡಿದರೆ ಅದು ದುರ್ಬಲವಾಗುತ್ತದೆ.

ತೋಡ ಗಂಡಸರೂ ಹೆಂಗಸರೂ ಹೊದೆಯುವ ಪುಟ್‌ಕುಳಿ ದಪ್ಪ ಹತ್ತಿಯ ಬಿಳಿ ಬಟ್ಟೆ. ಅದು ಎರಡು ಪದರದ್ದು. ಪದರಗಳ ನಡುವೆ ಸಾಮಾನು ಇಟ್ಟುಕೊಳ್ಳುವ ಚೀಲ ಇರುತ್ತದೆಂದು ರಿವರ್ಸ್ ಬರೆದಿದ್ದಾರೆ. ಮಗ್ಗದಿಂದ ಇಳಿದ ಬಟ್ಟೆಗೆ ತಾನಾಗಿ ಚೀಲ ಬರುವುದಿಲ್ಲ. ಯಾರೋ ಕೂತು ಮಡಿಸಿ, ಕೂಡಿಸಿ ಹೊಲಿಯಬೇಕು. ಇನ್ನು ಅದರ ತುದಿಗಳಲ್ಲಿ ತೋಡ ಹೆಂಗಸರು ಹಾಕುವ ಕಸೂತಿ, ಅವರ ಮಾತಿನಲ್ಲಿ ಪುಖೂರ್, ನೇಯುವಾಗಲೇ ಬಂದ ಬಣ್ಣದ ಪಟ್ಟೆಗಳನ್ನು ಆಧಾರವಾಗಿಟ್ಟುಕೊಂಡು ಕೆಂಪು ಮತ್ತು ಕಪ್ಪು ದಾರದಲ್ಲಿ ಬೆಳೆಯುತ್ತದೆ. ಹಳೆಯ ತುಣುಕುಗಳಲ್ಲಿ ಕಡುನೀಲಿಯೂ ಇದೆ. ಬಟ್ಟೆಯ ಮೇಲೆ ಗೆರೆ ಎಳೆದು ಗುರುತು ಮಾಡುವುದಿಲ್ಲ, ಬಳೆಯಂಥ ಚೌಕಟ್ಟಿಗೆ ಬಿಗಿಯುವುದಿಲ್ಲ, ಮಾದರಿ ಹಾಳೆ ಇಲ್ಲ. ಹಾಸಿನ ಎಳೆ, ಹೊಕ್ಕಿನ ಎಳೆ ಎಣಿಸಿ, ಸೂಜಿಯನ್ನು ಎಳೆಗಳ ಕೆಳಗೆ ಮೇಲೆ ಹಾಯಿಸುತ್ತ ಸಾಲು ಮುಗಿಸಿ ತಿರುಗುತ್ತಾರೆ. ಬಟ್ಟೆಯ ಹಿಂಬದಿಯಿಂದ ಕೆಲಸ ಮಾಡುತ್ತಾರೆ. ಮುಗಿದ ಮೇಲೆ ಎರಡೂ ಬದಿಯನ್ನು ಹೊರಗಿಟ್ಟು ಹೊದೆಯಬಹುದು. ಎಮ್ಮೆಯ ಕೊಂಬಿನಂಥ ಮಾದರಿಗಳು ಎಣಿಕೆಯ ಲೆಕ್ಕದಲ್ಲೇ ಮೂಡುತ್ತವೆ. ಸ್ವಲ್ಪ ದೂರ ನಿಂತು ನೋಡಿದವರಿಗೆ ಇದು ಸೂಜಿಯಲ್ಲಿ ಮಾಡಿದ್ದೋ ಮಗ್ಗದಲ್ಲೇ ಬಂದದ್ದೋ ತಿಳಿಯುವುದಿಲ್ಲ. ಈ ಹೋಲಿಕೆ ಬರಿಯ ಕಣ್ಣಿನ ಭ್ರಮೆಯಲ್ಲ. ಹಾಸಿನ ಎಳೆಗಳ ನಡುವೆ ಹೊಕ್ಕಿನ ದಾರ ಹಾಯಿಸುವುದೇ ನೇಯ್ಗೆ. ಸೂಜಿ ಇಲ್ಲಿ ಅದನ್ನೇ ಮಾಡುತ್ತಿದೆ. ಮಗ್ಗವಿಲ್ಲದ ಜನ ನೆಯ್ದ ಬಟ್ಟೆಯನ್ನು ಕೊಂಡು ತಂದು, ಅದರ ಮೇಲೆ ಇನ್ನೊಮ್ಮೆ ತಮ್ಮ ಕೈಯಿಂದ ನೇಯುತ್ತಿದ್ದರು. ಧಾರವಾಡ ಸೀಮೆಯ ಕಸೂತಿ ಬಲ್ಲವರಿಗೆ ಇದರ ನೆಂಟಸ್ತನ ತಕ್ಷಣ ಗೊತ್ತಾಗುತ್ತದೆ. ಇಳಕಲ್ ಸೀರೆಯ ಮೇಲಿನ ಗವಂತಿ ಎರಡೂ ಬದಿ ಒಂದೇ ರೀತಿ ಕಾಣುವ, ಎಳೆ ಎಣಿಸಿ ಹಾಕುವ ಹೊಲಿಗೆ. ನೇಯ್ಗೆಯ ಹೆಸರನ್ನೇ ಹೊತ್ತ ನೇಗಿ ಹೊಲಿಗೆಯಂತೂ ಪುಖೂರ್‌ಗೆ ಇನ್ನೂ ಹತ್ತಿರ. ಒಂದು ವ್ಯತ್ಯಾಸ ದೊಡ್ಡದು: ಇಳಕಲ್ಲಿನಲ್ಲಿ ನೇಕಾರನ ಮನೆ ಅದೇ ಊರಿನಲ್ಲಿದೆ, ತೋಡರ ಹಟ್ಟಿಯಾದ ಮಂದಿನಿಂದ ನೇಕಾರನ ಮನೆಗೆ ಬೆಟ್ಟ ಇಳಿಯಬೇಕು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ಕಸೂತಿ ಅಲಂಕಾರ, ಹರಿದದ್ದನ್ನು ಹೊಲಿಯುವುದು ಅಗತ್ಯ. ಒಂದನ್ನು ತೋರಿಸಿ ಇನ್ನೊಂದು ಇತ್ತೆಂದು ಹೇಳುವುದು ಸರಿಯೇ? ಪುಖೂರ್ ಹುಟ್ಟಿದ್ದೇ ತೇಪೆಯಿಂದ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರ ಬೇಕು. ನನ್ನ ಮಾತು ಕೈಚಳಕದ ಬಗೆಗಿನದು. ಸವೆದ ಜಾಗದಲ್ಲಿ ಕಳೆದುಹೋದ ಎಳೆಗಳ ಬದಲಿಗೆ ಹೊಸ ದಾರವನ್ನು ಕೆಳಗೆ ಮೇಲೆ ಹಾಯಿಸಿ ಬಟ್ಟೆಯನ್ನು ತುಂಬುವ ಕೆಲಸಕ್ಕೆ ನಾವು ರಫೂ ಎನ್ನುತ್ತೇವೆ. ಪುಖೂರ್‌ನ ಹೊಲಿಗೆಯೂ ಅದೇ ಹೊಲಿಗೆ. ಎಳೆ ಎಣಿಸಿ ಎಮ್ಮೆಕೊಂಬು ಮೂಡಿಸಬಲ್ಲ ಕೈಗೆ ಮುಳ್ಳು ತಾಗಿ ಹರಿದ ಹೊದಿಕೆಯನ್ನು ತುಂಬುವುದು ಬಾರದು ಎಂದು ನಂಬಬೇಕಾದರೆ ಅದಕ್ಕೆ ಬೇರೆಯೇ ಪುರಾವೆ ಬೇಕು. ಇನ್ನೂ ಒಂದು ಮಾತಿದೆ. ತೋಡರು ಸತ್ತವರನ್ನು ಕಸೂತಿ ಹಾಕಿದ ಪುಟ್‌ಕುಳಿಯಲ್ಲಿ ಸುತ್ತುತ್ತಾರೆ, ದೇಹವನ್ನು ಸುಡುತ್ತಾರೆ. ಪ್ರತಿ ತಲೆಮಾರಿನ ಅತ್ಯುತ್ತಮ ಸೂಜಿಗೆಲಸ ಚಿತೆಯೊಂದಿಗೆ ಹೋಗುತ್ತದೆ. 1901ರ ಜನಗಣತಿಯಲ್ಲಿ ಎಂಟುನೂರರ ಆಸುಪಾಸಿನಲ್ಲಿದ್ದ ಸಣ್ಣ ಸಮುದಾಯವಿದು. ಉಳಿದ ಹಳೆಯ ಬಟ್ಟೆ ಕಡಿಮೆ ಎಂಬುದನ್ನು ಹೊಲಿಗೆ ಕಡಿಮೆಯಿತ್ತೆಂದು ಓದಿಕೊಂಡರೆ ದೊಡ್ಡ ತಪ್ಪಾಗುತ್ತದೆ. 1937ರಲ್ಲಿ ಭಾಷಾಶಾಸ್ತ್ರಜ್ಞ ಎಂ. ಬಿ. ಎಮನೊ ತೋಡರ ಉಡುಪು ಮತ್ತು ಕಸೂತಿಯ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು. ತೋಡ ಭಾಷೆಯನ್ನು ಕಲಿಯಲು ಹೋದ ಪಂಡಿತನಿಗೆ ಬಟ್ಟೆಯ ಬಗ್ಗೆ ಬರೆಯುವಷ್ಟು ವಿಷಯ ಸಿಕ್ಕಿತೆಂದರೆ, ಈ ವಿದ್ಯೆ ಅವರ ಮಾತಿನೊಳಗೂ ಎಷ್ಟು ಬೇರುಬಿಟ್ಟಿತ್ತು ಎಂಬುದು ತಿಳಿಯುತ್ತದೆ.

ಬಡಗರ ಮಾತೇನು? 1901ರಲ್ಲಿ ಸುಮಾರು 34,000 ಜನರಿದ್ದ, ಬೆಟ್ಟದ ಅತಿ ದೊಡ್ಡ ಸಮುದಾಯ ಅವರದು. ಅವರಲ್ಲಿ ಪುಖೂರ್‌ನಂಥ ಕಸೂತಿ ಇಲ್ಲ. ಹೆಂಗಸರ ಮುಂಡು, ತುಂಡು, ತಲೆಗೆ ಕಟ್ಟುವ ಪಟ್ಟು, ಗಂಡಸರ ಸೀಲೆ, ಮಂಡರೆ, ಎಲ್ಲವೂ ಬಹುಪಾಲು ಬಿಳಿ, ಎಲ್ಲವೂ ಹೊಲಿಯದವು. 19ನೇ ಶತಮಾನದ ವಿವರಣೆಗಳ ಪ್ರಕಾರ ಹೆಂಗಸರು ಬಟ್ಟೆಯನ್ನು ಕಂಕುಳ ಕೆಳಗಿನಿಂದ ಸುತ್ತಿ, ಎದೆಯ ಮೇಲೊಂದು, ಸೊಂಟದ ಸುತ್ತ ಒಂದು ಹುರಿಯಿಂದ ಬಿಗಿಯುತ್ತಿದ್ದರು. ಹುರಿ ಇದ್ದ ಕಡೆ ಹೊಲಿಗೆಯ ಅಗತ್ಯವಿಲ್ಲ. ಬಡಗರಿಗೆ ಹೊಲಿಗೆಯ ಪರಿಚಯವೇ ಇರಲಿಲ್ಲ ಎಂದು ಇದರ ಅರ್ಥವಲ್ಲ. ಅವರ ಹಿರಿಯರು ಬಿಟ್ಟುಬಂದ ಕನ್ನಡ ನಾಡಿನಲ್ಲಿ ಹೊಲಿಗೆ ಆಗಲೇ ಹಳೆಯ ಕಸುಬು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ, ಸಿಂಪಿಗರ ಕೇರಿಗಳಿದ್ದವು. ಕಸುಬುದಾರ ಸಿಂಪಿಗ ಬೆಟ್ಟಕ್ಕೆ ಜೊತೆಯಾಗಿ ಬರಲಿಲ್ಲ. ಇಡೀ ಬಟ್ಟೆಗೆ ಇರುವ ಅನುಕೂಲವೂ ಬೇರೆಯದು. ಕತ್ತರಿಸದ ಬಟ್ಟೆ ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಅಳತೆಯ ತೊಂದರೆ ಇಲ್ಲದೆ ದಾಟುತ್ತದೆ. ಒಂದು ಮೂಲೆ ಸವೆದರೆ ತಿರುಗಿಸಿ ಉಡಬಹುದು, ನಡುವೆ ಸವೆದರೆ ಸೀಳಿ ಅಂಚುಗಳನ್ನು ಕೂಡಿಸಿ ಹೊಲಿದು ಮತ್ತೊಂದು ಆಯುಷ್ಯ ಕೊಡಬಹುದು, ಕೊನೆಗೆ ಮಗುವಿಗೆ ಸುತ್ತಲು, ತೊಟ್ಟಿಲು ಕಟ್ಟಲು ಬಳಸಬಹುದು. ಉತ್ತರ ಕರ್ನಾಟಕದ ಕೌದಿ, ಯಲ್ಲಾಪುರ ಹಳಿಯಾಳದ ಸಿದ್ದಿ ಹೆಂಗಸರ ಕೌದಿ ನಿಂತಿರುವುದೂ ಈ ತರ್ಕದ ಮೇಲೆಯೇ: ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಉದ್ದುದ್ದ ಹೊಲಿಗೆ ಹಾಕಿ ಕೂಡಿಸಿದರೆ ಸವೆದ ನಾಲ್ಕು ಬಟ್ಟೆ ಸೇರಿ ಗಟ್ಟಿ ಬಟ್ಟೆಯೊಂದಾಗುತ್ತದೆ. ಇಂಥ ಮನೆಗಳಲ್ಲಿ ಹೊಲಿಗೆ ಬಟ್ಟೆಯ ಬಾಳಿನ ಎರಡನೆಯ ಭಾಗದಲ್ಲಿ ಬರುತ್ತದೆ. ಅಂಗಿ ರವಿಕೆಯ ಲೋಕದಲ್ಲಿ ಹೊಲಿಗೆಯಿಲ್ಲದೆ ಉಡುಪೇ ಹುಟ್ಟುವುದಿಲ್ಲ. ಹೊರಗಿನಿಂದ ಬಂದು ಬರೆದವರ ಕಣ್ಣು ಈ ಅಂಗಿ ರವಿಕೆಯ ಲೋಕದ್ದಾಗಿತ್ತು. ಉಡುಪಿನ ಹುಟ್ಟಿನಲ್ಲಿ ಹೊಲಿಗೆ ಕಾಣದಾಗ ಹೊಲಿಗೆಯೇ ಇಲ್ಲವೆಂದು ತಿಳಿದರು.

ಕತ್ತರಿ ಬಂದ ದಾರಿ ಸ್ಪಷ್ಟವಾಗಿದೆ. ವೆಲ್ಲಿಂಗ್ಟನ್‌ನಲ್ಲಿ ಸೈನಿಕರ ಬ್ಯಾರಕ್ಕುಗಳು ಎದ್ದವು. 1858ರಲ್ಲಿ ಸೈನಿಕರ ಮಕ್ಕಳಿಗಾಗಿ ಲಾರೆನ್ಸ್ ಅಸೈಲಂ ಶುರುವಾಯಿತು, ಮುಂದೆ ಲವ್‌ಡೇಲ್‌ನಲ್ಲಿ ನೆಲೆಸಿತು. ಅದಕ್ಕೂ ಮೊದಲೇ, 1846ರ ಹೊತ್ತಿಗೆ, ಬಾಸೆಲ್ ಮಿಷನ್ನಿನವರು ಕೇತಿಯಲ್ಲಿ ನೆಲೆಯೂರಿ ಬಡಗರ ಹಟ್ಟಿಗಳಿಗೆ ಓಡಾಡುತ್ತಿದ್ದರು. ಆಗಿನ ಮದರಾಸು ಆಧಿಪತ್ಯದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಗೆಲಸ ಓದು ಬರಹದ ಜೊತೆಯ ಪಾಠ. ರೈಲು 1873ರಲ್ಲಿ ಮೇಟ್ಟುಪಾಳ್ಯಕ್ಕೂ, 1899ರಲ್ಲಿ ಕೂನೂರಿಗೂ, 1908ರಲ್ಲಿ ಉದಕಮಂಡಲಕ್ಕೂ ಬಂತು; ಗಿರಣಿ ಬಟ್ಟೆ ಅದರೊಂದಿಗೆ ಬಂತು. ಬಡಗ ಗಂಡಸರು ಸೀಲೆಯ ಒಳಗೆ ಕೋಟು ತೊಟ್ಟರು. ಹೆಂಗಸರು ನಿಧಾನವಾಗಿ ರವಿಕೆಗೆ ಬಂದರು. ಮನೆಯ ಸೂಜಿಗೆ ಇದು ನಿಜವಾದ ತಿರುವು ಎಂದು ನನಗನಿಸುತ್ತದೆ, ಏಕೆಂದರೆ ರವಿಕೆ ಕಂಕುಳಲ್ಲಿ ಬಿಚ್ಚಿಕೊಳ್ಳುತ್ತದೆ, ಮೈ ತುಂಬಿದಾಗ ಬಿಗಿಯಾಗುತ್ತದೆ, ಗುಂಡಿ ಕಳೆದುಕೊಳ್ಳುತ್ತದೆ. ಇಡೀ ಬಟ್ಟೆಗಿಲ್ಲದ ಕಷ್ಟಗಳನ್ನು ತಾನೇ ತಂದು, ಅವುಗಳ ದುರಸ್ತಿಯನ್ನು ಮನೆಯವಳಿಗೆ ಬಿಡುತ್ತದೆ. ಹೊಲಿಯುವವನು ಪೇಟೆಯ ದರ್ಜಿ, ಸರಿಪಡಿಸುವವಳು ಮನೆಯ ಹೆಂಗಸು ಎಂಬ ಕೆಲಸದ ಹಂಚಿಕೆ ಹೀಗೆ ಬೆಳೆಯಿತು.

ಹೊಲಿಗೆ ಮಿಷಿನ್ನು ಈ ಹಂಚಿಕೆಯನ್ನು ಮೊದಲಿಗೆ ಇನ್ನಷ್ಟು ಗಟ್ಟಿ ಮಾಡಿತು. ಅಮೆರಿಕದಲ್ಲಿ ಸಿಂಗರ್ ಕಂಪೆನಿ ಅದನ್ನು ಗೃಹಿಣಿಯ ವಸ್ತುವೆಂದು ಮಾರಿತು. ಭಾರತದಲ್ಲಿ ಮುಂಬೈಯ ಪಾರ್ಸಿ ಏಜೆಂಟ್ ಎನ್. ಎಂ. ಪಟೇಲರ ಕಾಲದಿಂದಲೂ ಅದನ್ನು ಹೆಚ್ಚಾಗಿ ಕೊಂಡವರು ದರ್ಜಿಗಳು. ಅಂಗಡಿಯ ಜಗುಲಿಯಲ್ಲಿ ಕೂತ ಗಂಡಸಿನ ಮುಂದೆ ಅದು ನಿಂತಿತು. ಯಂತ್ರಗಳನ್ನು ಅಷ್ಟು ಕಟುವಾಗಿ ವಿಮರ್ಶಿಸಿದ ಗಾಂಧೀಜಿ 1924ರ ಸಂವಾದವೊಂದರಲ್ಲಿ ಸಿಂಗರ್ ಮಿಷಿನ್ನಿಗೆ ವಿನಾಯಿತಿ ಕೊಟ್ಟರು, ಹೆಂಡತಿ ಕೈಯಲ್ಲಿ ಹೊಲಿಯುವ ಬೇಸರವನ್ನು ಕಂಡ ಸಿಂಗರ್ ಅವಳ ಮೇಲಿನ ಪ್ರೀತಿಯಿಂದ ಮಾಡಿದ ಯಂತ್ರ ಅದೆಂದು. ಆ ವಿನಾಯಿತಿಯನ್ನು ಈ ಬೆಟ್ಟದಿಂದ ನೋಡಿದರೆ ಬೇರೊಂದು ಅರ್ಥ ಕಾಣುತ್ತದೆ. ಬಯಲಿನಲ್ಲಿ ಖಾದಿಯ ವಾದ ಕಳೆದುಹೋದ ಚರಕ ಮಗ್ಗಗಳನ್ನು ಮನೆಗೆ ಮರಳಿಸುವ ವಾದ. ಇಲ್ಲಿ ಮರಳಿಸಲು ಮಗ್ಗವೇ ಇರಲಿಲ್ಲ. ಬಟ್ಟೆಯ ವಿಷಯದಲ್ಲಿ ಬೆಟ್ಟದ ಮನೆಗೆ ಯಾವತ್ತೂ ಇದ್ದ ಸ್ವಾತಂತ್ರ್ಯ ಒಂದೇ, ಸೂಜಿಯದು. ಮಿಷಿನ್ನು ಹೆಂಗಸರ ಕೈಗೆ ಬಂದದ್ದು ಸ್ವಾತಂತ್ರ್ಯಾನಂತರ. ಉಷಾದಂಥ ದೇಶೀ ಮಿಷಿನ್ನುಗಳು ಮಧ್ಯಮ ವರ್ಗದ ಮನೆ ಹೊಕ್ಕವು. ತಮಿಳುನಾಡು ಸರ್ಕಾರ ವಿಧವೆಯರು ಮೊದಲಾದವರಿಗೆ ಉಚಿತವಾಗಿ ಹೊಲಿಗೆ ಮಿಷಿನ್ನು ಕೊಡುವ ಯೋಜನೆ ತಂದಿತು. ಮಹಿಳೆಯರ ಹೊಲಿಗೆ ಸಹಕಾರ ಸಂಘಗಳು ಶಾಲಾಮಕ್ಕಳ ಉಚಿತ ಸಮವಸ್ತ್ರದ ಕೆಲಸ ಹಿಡಿದವು. ಗೂಡಲೂರಿನ ಕಡೆಯ ತೋಟಗಳಲ್ಲಿ, 1964ರ ಭಾರತ-ಸಿಲೋನ್ ಒಪ್ಪಂದದ ನಂತರ ಸಿಲೋನಿನಿಂದ ಮರಳಿದ ಕುಟುಂಬಗಳ ಸಾಲುಮನೆಗಳಲ್ಲಿ, ಗುಂಡ್ಲುಪೇಟೆಯತ್ತ ಮುಖಮಾಡಿದ ಮಸಿನಗುಡಿಯಂಥ ಊರುಗಳಲ್ಲಿ, ಹೊಲಿಗೆ ಕಲಿಯುವುದು ಎಂದರೆ ಈಗ ರವಿಕೆ ಕತ್ತರಿಸಲು ಕಲಿಯುವುದು. ಕತ್ತರಿಯೂ ಕೊನೆಗೆ ಹೆಂಗಸರ ಕೈಗೆ ಬಂತೆಂಬುದು ಸಂತೋಷದ ವಿಷಯವೇ.

ಇಷ್ಟನ್ನು ಕೇಳಿದವರು ಇನ್ನೊಂದು ಆಕ್ಷೇಪ ಎತ್ತಬಹುದು, ಅದು ನ್ಯಾಯವಾದದ್ದು. ಹರಿದದ್ದನ್ನು ಹೊಲಿದು ಉಟ್ಟದ್ದು ಬಡತನದಿಂದ. ಬೆಟ್ಟದ ಬುಡದಿಂದ ಹೆಚ್ಚು ದೂರವಿಲ್ಲದ ತಿರುಪ್ಪೂರಿನ ಬನಿಯನ್ನು, ಟೀಶರ್ಟುಗಳು ಸಂತೆಯಲ್ಲಿ ಅಗ್ಗವಾಗಿ ಸಿಗುವಾಗ ಹೆಂಗಸೊಬ್ಬಳು ಕೂಲಿಯಿಲ್ಲದ ಆ ಕೆಲಸದಿಂದ ಬಿಡುಗಡೆಯಾದಳು. ಅದನ್ನು ಯಾಕೆ ಹಾಡಿ ಹೊಗಳಬೇಕು? ತೇಯಿಲೆ ಕಿತ್ತು ದಣಿದು ಬಂದವಳು ಸಂಜೆ ಗುಂಡಿ ಹೊಲಿಯಬೇಕೆಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಹಳೆಯ ದುರಸ್ತಿಯ ಹಿಂದೆ ಕೊರತೆಯಿತ್ತೆಂಬುದನ್ನೂ ಒಪ್ಪುತ್ತೇನೆ. ನನ್ನ ವಾದವೇ ಬಟ್ಟೆಯ ಕೊರತೆಯಿಂದ ಶುರುವಾಗಿದೆ. ಆದರೆ ಕೊರತೆಯೊಂದೇ ಕಾರಣವಾಗಿದ್ದರೆ ಕೆಲಸ ತೇಪೆಗೆ ನಿಲ್ಲಬೇಕಿತ್ತು. ಎಳೆ ಎಣಿಸಿ ದಿನಗಟ್ಟಲೆ ಕೂತು, ಒಮ್ಮೆ ಹೊದೆದು ಕಡೆಗೆ ಚಿತೆಗೆ ಹೋಗುವ ಬಟ್ಟೆಗೆ ಅಷ್ಟು ದಾರ ಸುರಿದದ್ದನ್ನು ಬಡತನ ವಿವರಿಸಲಾರದು. ಕೊಂಡು ತಂದ ವಸ್ತು ಬೇರೆಯವರದಾಗಿಯೇ ಉಳಿಯಬಾರದೆಂಬ ಹಟ ಅಲ್ಲಿದೆ, ಆ ಹಟಕ್ಕೆ ಬೇಕಾದ ವಿದ್ಯೆಯೂ ಇದೆ.

ತೋಡರ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ತೋಡರ ಸಂಘ, ಕೋಟಗಿರಿಯ ಕೀಸ್ಟೋನ್ ಫೌಂಡೇಶನ್, ಸರ್ಕಾರದ ಕರಕುಶಲ ಸಂಸ್ಥೆ ಪೂಂಪುಹಾರ್ ಸೇರಿ ಅದಕ್ಕಾಗಿ ದುಡಿದವು. ಈಗ ಉಣ್ಣೆಯ, ಆಕ್ರಿಲಿಕ್ಕಿನ ದಾರದಲ್ಲಿ ಮೇಜುಬಟ್ಟೆ, ಕೈಚೀಲ, ಶಾಲುಗಳು ಮಾರಾಟಕ್ಕೆ ಬರುತ್ತಿವೆ, ಹೆಂಗಸರ ಕೈಗೆ ಹಣ ಸೇರುತ್ತಿದೆ. ಕಾನೂನು ಕಾಪಾಡುವುದು ಮಾರುವ ವಸ್ತುವನ್ನು, ಅದರ ಹೆಸರನ್ನು. ಮನೆಯೊಳಗಿನ ದುರಸ್ತಿ ಸರಕಲ್ಲ, ಆದ್ದರಿಂದ ಅದಕ್ಕೆ ನೋಂದಣಿಯಿಲ್ಲ. ವಸ್ತುಸಂಗ್ರಹಾಲಯಗಳಿಗೂ ಬೇಕಾದದ್ದು ಸವೆಯದ, ಚೆಂದದ ಪ್ರತಿ. ಉದಕಮಂಡಲದ ಹತ್ತಿರ ಪಾಲಾಡದಲ್ಲಿ ಬುಡಕಟ್ಟು ಸಂಶೋಧನಾ ಕೇಂದ್ರವಿದೆ, ಅದಕ್ಕೊಂದು ಸಂಗ್ರಹಾಲಯವೂ ಇದೆ. ಅಲ್ಲಿ ಹೊಸ ಪುಟ್‌ಕುಳಿಯ ಪಕ್ಕಕ್ಕೆ ಬಳಸಿ ಹಳತಾದದ್ದೊಂದನ್ನು ಇಡಬೇಕು. ಯಾವ ದಾರ ಕಸೂತಿಯದು, ಯಾವುದು ಮುಂದೆ ಹರಿದಾಗ ಹಾಕಿದ್ದು, ಚೀಲದ ಅಂಚನ್ನು ಎಷ್ಟು ಸಲ ಹೊಲಿದಿದ್ದಾರೆ ಎಂಬುದನ್ನು ಹೊಲಿಯಬಲ್ಲ ತೋಡ ಹೆಂಗಸರಿಂದಲೇ ಕೇಳಿ ಬರೆದಿಡಬೇಕು. ಬಡಗರ ಹಟ್ಟಿಗಳ ಪೆಟ್ಟಿಗೆಗಳಲ್ಲಿರುವ ಅಜ್ಜಿಯರ ಮುಂಡು ತುಂಡುಗಳನ್ನೂ, ಮೊದಮೊದಲ ರವಿಕೆಗಳನ್ನೂ ಹಾಗೆಯೇ ಓದಬೇಕು. ನೋಡಬೇಕಾದ ಸಾಕ್ಷ್ಯ ಆ ಬಟ್ಟೆಗಳ ಹಿಂಬದಿಯಲ್ಲಿದೆ.